ಮಾರೋವಿಂಡ್‌ನಲ್ಲಿ ಯಾರೂ ಮುಟ್ಟದ ಮಂತ್ರಗಳು

ಪ್ರಶ್ನೆ: ಮಾರೋವಿಂಡ್ ಅನ್ನೋ ಕಂಪ್ಯೂಟರ್ ಗೇಮ್ ಆಡೋಕೆ ಶುರು ಮಾಡಿ ಮೂರು ವಾರ ಆಯಿತು. ಉದ್ದ ಕತ್ತಿ ಮತ್ತು ಡಿಸ್ಟ್ರಕ್ಷನ್‌ನ ಬೆಂಕಿ ಮಂತ್ರ, ಇವೆರಡರಲ್ಲೇ ಕಾಲ ಹಾಕುತ್ತಿದ್ದೇನೆ. ಮಿಸ್ಟಿಸಿಸಂ, ಆಲ್ಟರೇಶನ್, ಇಲ್ಯೂಶನ್ ಅನ್ನೋ ಉಳಿದ ಮಂತ್ರವಿದ್ಯೆಗಳ ಕಡೆ ತಲೆ ಹಾಕಿಲ್ಲ. ಮಂತ್ರ ಹಾಕಿದರೆ ಅರ್ಧಕ್ಕರ್ಧ ಫೇಲ್ ಆಗುತ್ತದೆ. ನಡೆದೂ ನಡೆದೂ ಸಾಕಾಗಿದೆ. ಜನ ಜಾಸ್ತಿ ಬಳಸದ, ಆದರೆ ನಿಜಕ್ಕೂ ಕೆಲಸಕ್ಕೆ ಬರುವ ಮಂತ್ರ, ಸ್ಕಿಲ್ ಯಾವುವು? ಅದಕ್ಕಾಗಿ ಹೊಸ ಕ್ಯಾರೆಕ್ಟರ್ ಮಾಡಬೇಕಾ? ನನ್ನ ಮಿಸ್ಟಿಸಿಸಂ 25, ವಿಲ್‌ಪವರ್ 40, ಲಕ್ 40.

ಉತ್ತರ: ಮಂತ್ರಗಳ ಪಟ್ಟಿಗೆ ಹೋಗುವ ಮೊದಲು ಫೇಲ್ ಆಗುವ ವಿಷಯ ಮುಗಿಸೋಣ. ಅದು ಸರಿಹೋಗದೆ ಮುಂದೆ ನಾನು ಹೇಳುವ ಯಾವುದೂ ನಿಮಗೆ ಕೆಲಸ ಮಾಡಲ್ಲ.

ಪರದೆಯ ಕೆಳಗೆ ಮೂರು ಪಟ್ಟಿ ಇವೆ. ಕೆಂಪು ಜೀವ, ನೀಲಿ ಮ್ಯಾಜಿಕಾ ಅಂದರೆ ಮಂತ್ರ ಹಾಕೋಕೆ ಬೇಕಾದ ಶಕ್ತಿ, ಹಸಿರು ಫಟೀಗ್ ಅಂದರೆ ದಣಿಯದೆ ಉಳಿದ ಕಸುವು. ಹೊಸಬರೆಲ್ಲ ಕೆಂಪು, ನೀಲಿ ನೋಡುತ್ತಾರೆ. ಹಸಿರನ್ನು ಯಾರೂ ನೋಡಲ್ಲ. ಆದರೆ ಈ ಗೇಮಿನಲ್ಲಿ ಮಂತ್ರ ಹತ್ತುತ್ತದೋ ಇಲ್ಲವೋ, ಕತ್ತಿ ತಾಗುತ್ತದೋ ಇಲ್ಲವೋ ಅನ್ನುವುದರಲ್ಲಿ ಆ ಹಸಿರು ಪಟ್ಟಿಗೆ ದೊಡ್ಡ ಪಾಲಿದೆ. ಲೆಕ್ಕ ಹೀಗೆ: ಸ್ಕಿಲ್‌ನ ಎರಡು ಪಟ್ಟು, ಅದಕ್ಕೆ ವಿಲ್‌ಪವರ್‌ನ ಐದನೇ ಒಂದು ಭಾಗ, ಲಕ್‌ನ ಹತ್ತನೇ ಒಂದು ಭಾಗ ಸೇರಿಸಿ. ಅದರಲ್ಲಿ ಮಂತ್ರದ ಖರ್ಚು, ಅಂದರೆ ಅದು ತಿನ್ನುವ ಮ್ಯಾಜಿಕಾ, ಕಳೆಯಿರಿ. ಬಂದದ್ದನ್ನು ಫಟೀಗ್ ಪೂರ್ತಿ ಇದ್ದರೆ 1.25ರಿಂದ ಗುಣಿಸಿ, ಪೂರ್ತಿ ಖಾಲಿ ಇದ್ದರೆ 0.75ರಿಂದ. ಮಂತ್ರ ಹತ್ತುವ ಸಾಧ್ಯತೆ ಶೇಕಡಾ ಅಷ್ಟು.

ನಿಮ್ಮದೇ ಅಂಕಿ ಹಾಕಿ ನೋಡೋಣ. 50 ಕೂಡಿಸು 8 ಕೂಡಿಸು 4, ಒಟ್ಟು 62. ರಿಕಾಲ್ ಮಂತ್ರದ ಖರ್ಚು 18. ಉಳಿಯುವುದು 44. ದಣಿವಿಲ್ಲದೆ ನಿಂತು ಹಾಕಿದರೆ ಶೇ 55. ಓಡಿ ಓಡಿ ಸುಸ್ತಾಗಿ ಹಾಕಿದರೆ ಶೇ 33. ಅದೇ ಮನುಷ್ಯ, ಅದೇ ಮಂತ್ರ. ಇನ್ನೊಂದು ವಿಷಯ, ಫೇಲ್ ಆದರೂ ಮ್ಯಾಜಿಕಾ ಹೋಗುತ್ತದೆ. ಈ ಗೇಮಿನಲ್ಲಿ ಮ್ಯಾಜಿಕಾ ತಾನಾಗಿ ತುಂಬಿಕೊಳ್ಳಲ್ಲ, ಮಲಗಬೇಕು ಅಥವಾ ಪೋಶನ್ ಕುಡಿಯಬೇಕು.

ನೀವು ಊರಿಂದ ಊರಿಗೆ ಓಡಿಕೊಂಡೇ ಹೋಗುತ್ತೀರಿ, ಅಲ್ವಾ? ಎಲ್ಲರೂ ಹಾಗೇ ಮಾಡುವುದು. ಓಡಿದಾಗ ಹಸಿರು ಇಳಿಯುತ್ತದೆ. ನಡೆದಾಗ, ನಿಂತಾಗ ಏರುತ್ತದೆ. ಗುಹೆಯ ಬಾಗಿಲ ಮುಂದೆ ಅರ್ಧ ನಿಮಿಷ ನಿಂತು ಒಳಗೆ ಹೋಗಿ. ಅಷ್ಟಕ್ಕೇ ನಿಮ್ಮ ಕತ್ತಿ, ಮಂತ್ರ ಎರಡೂ ಪಳಗಿದವರ ಕೈಗೆ ಬಂದ ಹಾಗೆ ಅನ್ನಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2002ರಲ್ಲಿ ಬೆಥೆಸ್ಡಾ ಈ ಗೇಮ್ ತಂದಾಗ ಇದರಲ್ಲಿ ಈಗಿನ ಗೇಮುಗಳ ಹಾಗೆ ಮ್ಯಾಪಿನ ಮೇಲೆ ಕ್ಲಿಕ್ ಮಾಡಿ ಹಾರುವ ಸೌಕರ್ಯ ಇಡಲಿಲ್ಲ. ದಾರಿ ತೋರಿಸುವ ಬಾಣವೂ ಇಲ್ಲ. ಆ ಸೌಕರ್ಯಗಳನ್ನು ಮಂತ್ರಗಳ ರೂಪದಲ್ಲಿ ಕೊಟ್ಟರು. ಹಾಗಾಗಿ ಈ ಗೇಮ್ ನಡೆಯುವ ವಾರ್ಡನ್‌ಫೆಲ್ ದ್ವೀಪದಲ್ಲಿ ಬೆಂಕಿ ಉಂಡೆಗಿಂತ ಬೆಲೆಬಾಳುವ ಮಂತ್ರಗಳು ಯಾರನ್ನೂ ಸುಡುವುದಿಲ್ಲ. ಅವು ದಾರಿ, ಗೋಡೆ, ಬೀಗ, ಎತ್ತರ, ಎದುರಿನ ಮನುಷ್ಯನ ಮನಸ್ಸು, ಇವುಗಳ ಮೇಲೆ ಕೆಲಸ ಮಾಡುತ್ತವೆ. ಕತ್ತಿ ಹಿಡಿದ ನಿಮಗೆ ಸುಡುವ ಕೆಲಸಕ್ಕೆ ಇನ್ನೊಂದು ಸಾಧನ ಯಾಕೆ ಬೇಕು? ಕತ್ತಿಯಿಂದ ಆಗದ್ದನ್ನು ಮಂತ್ರದಿಂದ ಮಾಡಿಸಿ.

ನಡೆದು ಸಾಕಾಗಿದೆ ಅಂದಿರಲ್ಲ, ಅದರಿಂದ ಶುರು ಮಾಡೋಣ. ಮಿಸ್ಟಿಸಿಸಂನಲ್ಲಿ ಇದಕ್ಕೆಂದೇ ನಾಲ್ಕು ಮಂತ್ರಗಳಿವೆ. ಮಾರ್ಕ್ ಹಾಕಿದರೆ ನೀವು ನಿಂತ ಜಾಗ ನೆನಪಿನಲ್ಲಿ ಉಳಿಯುತ್ತದೆ. ರಿಕಾಲ್ ಹಾಕಿದರೆ ಎಲ್ಲಿದ್ದರೂ ಅಲ್ಲಿಗೆ ಬರುತ್ತೀರಿ. ಡಿವೈನ್ ಇಂಟರ್‌ವೆನ್ಶನ್ ನಿಮ್ಮನ್ನು ಹತ್ತಿರದ ಇಂಪೀರಿಯಲ್ ಗುಡಿಗೆ ಒಯ್ಯುತ್ತದೆ, ಅಂದರೆ ಹೆಚ್ಚಾಗಿ ಒಂದು ಕೋಟೆಗೆ. ಆಲ್ಮ್‌ಸಿವಿ ಇಂಟರ್‌ವೆನ್ಶನ್ ಹತ್ತಿರದ ಟ್ರೈಬ್ಯೂನಲ್ ದೇವಸ್ಥಾನಕ್ಕೆ ಒಯ್ಯುತ್ತದೆ. ಆಲ್ಮಲೆಕ್ಸಿಯಾ, ಸೋಥಾ ಸಿಲ್, ವಿವೆಕ್ ಎಂಬ ಮೂರು ದೇವರ ಹೆಸರಿನ ತುಣುಕು ಸೇರಿ ಆಲ್ಮ್‌ಸಿವಿ ಆಗಿದೆ. ಹೆಸರಿನಲ್ಲೇ ಒಂದು ನಾಡಿನ ನಂಬಿಕೆ ಇಟ್ಟಿದ್ದಾರೆ, ನನಗೆ ಅದು ತುಂಬಾ ಇಷ್ಟ.

ಇಂಟರ್‌ವೆನ್ಶನ್ ಎರಡರ ಖರ್ಚೂ ಬರೀ 8. ನಿಮ್ಮ 25ರ ಸ್ಕಿಲ್‌ನಲ್ಲೇ, ದಣಿವಿಲ್ಲದಿದ್ದರೆ, ಮೂರರಲ್ಲಿ ಎರಡು ಸಲ ಹತ್ತುತ್ತದೆ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಮಂತ್ರವನ್ನು ಜನ ಓಡಿ ಪಾರಾಗೋಕೆ ಮಾತ್ರ ಇಟ್ಟುಕೊಳ್ಳುತ್ತಾರೆ.

ಮಾರ್ಕ್ ವಿಷಯದಲ್ಲೂ ಒಂದು ತಪ್ಪು ನಡೆಯುತ್ತದೆ. ಮಾರ್ಕ್ ಒಂದೇ ಜಾಗಕ್ಕೆ. ಇನ್ನೊಂದು ಸಲ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ಎಲ್ಲರೂ ಮನೆಯಲ್ಲಿ, ಇಲ್ಲವೇ ಅಂಗಡಿಯ ಮುಂದೆ ಮಾರ್ಕ್ ಹಾಕಿ ಸುಮ್ನೆ ಬಿಟ್ಟುಬಿಡುತ್ತಾರೆ. ನಾನು ತಿರುಗುಮುರುಗು ಮಾಡುತ್ತೇನೆ. ಊರಿಗೆ ಹೋಗೋಕೆ ಇಂಟರ್‌ವೆನ್ಶನ್ ಇದೆ. ಹಾಗಿದ್ದಾಗ ಮಾರ್ಕ್ ಇರಬೇಕಾದದ್ದು ಕೆಲಸದ ಜಾಗದಲ್ಲಿ.

ಮೊದಲ ಕೆಲಸಕ್ಕೆ ನೀವು ಆರ್ಕ್ನ್‌ಥಾಂಡ್‌ಗೆ ಹೋಗಿರುತ್ತೀರಿ, ಬಾಲ್ಮೋರಾ ಊರಿನ ಹತ್ತಿರ, ಡ್ವೆಮರ್ ಎಂಬ ಹಳೆಯ ಜನಾಂಗದ ಪಾಳು. ಅಲ್ಲೇ ಅಭ್ಯಾಸ ಮಾಡಿ. ಒಳಗೆ ಸಾಮಾನು ತುಂಬಿ, ಹೆಜ್ಜೆ ಎತ್ತೋಕೆ ಆಗದಷ್ಟು ಭಾರ ಆಯಿತಾ? ನಿಂತಲ್ಲೇ ಮಾರ್ಕ್ ಹಾಕಿ. ಆಮೇಲೆ ಇಂಟರ್‌ವೆನ್ಶನ್ ಹಾಕಿ ಊರು ಸೇರಿ. ಮಾರಿ, ರಿಪೇರಿ ಮಾಡಿಸಿ, ಒಂದು ರಾತ್ರಿ ಮಲಗಿ. ಬೆಳಿಗ್ಗೆ ರಿಕಾಲ್. ಬಿಟ್ಟ ಮೂಲೆಯಲ್ಲೇ, ಕತ್ತಿ ಹರಿತ ಮಾಡಿಕೊಂಡು, ಮ್ಯಾಜಿಕಾ ತುಂಬಿಕೊಂಡು ನಿಂತಿರುತ್ತೀರಿ. ಆರ್ಕ್ನ್‌ಥಾಂಡ್ ಊರಿಗೆ ಹತ್ತಿರ, ಅಲ್ಲಿ ಉಳಿತಾಯ ಕಡಿಮೆ. ಕೆಂಪು ಬೆಟ್ಟದ ಬೂದಿ ಬಿರುಗಾಳಿಯ ನಡುವೆ ಇದನ್ನು ಮಾಡಿದ ದಿನ ಇದರ ಬೆಲೆ ಗೊತ್ತಾಗುತ್ತದೆ. ಊರಿಂದ ಊರಿಗೆ ಕ್ಷಣದಲ್ಲಿ ಕಳಿಸೋಕೆ ಮೇಜಸ್ ಗಿಲ್ಡ್ ಅನ್ನುವ ಮಾಂತ್ರಿಕರ ಸಂಘದ ಗೈಡ್ ಇದ್ದಾರೆ. ಬಾಲ್ಮೋರಾ, ಆಲ್ಡ್‌ರೂನ್, ಕಾಲ್ಡೆರಾ, ವಿವೆಕ್, ಸಾಡ್ರಿತ್ ಮೋರಾ ಐದೂ ಅವರ ಕೈಯಲ್ಲಿವೆ. ಇಷ್ಟೆಲ್ಲ ಸೇರಿಸಿದರೆ ನಡೆಯುವುದು ನಿಮಗೆ ಬೇಕೆನಿಸಿದಾಗ ಮಾತ್ರ.

ಇನ್ನು ಆಲ್ಟರೇಶನ್. ಇದರ ಪಾಠವನ್ನು ಗೇಮ್ ಮೊದಲ ಹತ್ತು ನಿಮಿಷದಲ್ಲೇ ಹೇಳಿಕೊಡುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ ಅಷ್ಟೇ. ಗೇಮ್ ಶುರುವಾಗುವ ಸೇಡಾ ನೀನ್ ಊರಿನಿಂದ ಹೊರಟು ಸ್ವಲ್ಪ ದೂರ ಹೋದರೆ ಒಂದು ಚೀರಾಟ ಕೇಳಿಸುತ್ತದೆ. ತಲೆ ಎತ್ತುವುದರೊಳಗೆ ಟಾರ್ಹಿಯೆಲ್ ಎಂಬ ಮಾಂತ್ರಿಕ ಆಕಾಶದಿಂದ ಬಿದ್ದು ಸತ್ತಿರುತ್ತಾನೆ. ಅವನ ಬಳಿ ಮೂರು ಸುರುಳಿ, ಐಕೇರಿಯನ್ ಫ್ಲೈಟ್. ಅದು ಆಕ್ರೋಬ್ಯಾಟಿಕ್ಸ್, ಅಂದರೆ ನೆಗೆಯುವ ಸ್ಕಿಲ್ ಅನ್ನು 7 ಸೆಕೆಂಡ್ ಮಟ್ಟಿಗೆ 1000 ಪಾಯಿಂಟ್ ಏರಿಸುತ್ತದೆ. ನೆಗೆದರೆ ಕಣ್ಣಿಗೆ ಕಾಣದಷ್ಟು ಎತ್ತರ. ಆದರೆ ಇಳಿಯುವ ಹೊತ್ತಿಗೆ ಆ 7 ಸೆಕೆಂಡ್ ಮುಗಿದಿರುತ್ತದೆ. ಏರುವುದನ್ನು ಯೋಚಿಸಿದ್ದ, ಇಳಿಯುವುದನ್ನು ಯೋಚಿಸಿರಲಿಲ್ಲ.

ಇಳಿಯೋಕೆ ಆಲ್ಟರೇಶನ್‌ನ ಸ್ಲೋಫಾಲ್ ಮಂತ್ರ ಇದೆ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಮಾತೊಂದಿದೆ. ಬೀಳುವ ಪೆಟ್ಟು ತಪ್ಪಿಸೋಕೆ ಸ್ಲೋಫಾಲ್ ಎಷ್ಟು ಬಲವಾಗಿರಬೇಕು? ಒಂದೇ ಒಂದು ಪಾಯಿಂಟ್. ಒಂದು ಪಾಯಿಂಟ್ ಮೈಮೇಲೆ ಇದ್ದರೆ ಎಷ್ಟೇ ಎತ್ತರದಿಂದ ಬಿದ್ದರೂ ಏನೂ ಆಗಲ್ಲ. ಅಂಗಡಿಯಲ್ಲಿ ಸಿಗುವ ಮಂತ್ರದಲ್ಲಿ ಪಾಯಿಂಟ್ ಜಾಸ್ತಿ ಇರುತ್ತದೆ, ಅದಕ್ಕೇ ಖರ್ಚೂ ಜಾಸ್ತಿ. ನೀವೇ ಮಾಡಿಸಿಕೊಂಡರೆ ಅಗ್ಗ. ಒಂದು ಪಾಯಿಂಟ್ ಸ್ಲೋಫಾಲ್, 60 ಸೆಕೆಂಡ್, ಖರ್ಚು ಸುಮಾರು 9 ಮ್ಯಾಜಿಕಾ. ಅದನ್ನು ಮೊದಲು ಹಾಕಿಕೊಂಡು ಟಾರ್ಹಿಯೆಲ್‌ನ ಸುರುಳಿ ಓದಿ ನೆಗೆಯಿರಿ. ನಾನು ಮೊದಲ ಸಲ ಹಾಗೆ ನೆಗೆದಾಗ ಕೆಳಗೆ ಜೌಗು, ಹೊಲ, ಬೂದಿ ಗುಡ್ಡ ಒಂದರ ಹಿಂದೆ ಒಂದು ಸರಿದುಹೋದವು. ಕೊನೆಗೆ ಹುಲ್ಲಿನ ಮೇಲೆ ಕಾಲೂರಿದಾಗ ಕೆಂಪು ಪಟ್ಟಿ ಒಂದಿಷ್ಟೂ ಅಲುಗಿರಲಿಲ್ಲ. ಅವತ್ತಿನಿಂದ ಸ್ಲೋಫಾಲ್ ಇಲ್ಲದೆ ನಾನು ಊರು ಬಿಟ್ಟಿಲ್ಲ.

ಮಾಡಿಸಿಕೊಳ್ಳುವುದು ಹೇಗೆ ಅಂದರೆ, ಬಾಲ್ಮೋರಾದ ಮೇಜಸ್ ಗಿಲ್ಡ್‌ನಲ್ಲಿ ಮಂತ್ರ ಕಟ್ಟಿಕೊಡುವವರು ಇದ್ದಾರೆ. ಒಂದು ಷರತ್ತು, ನಿಮಗೆ ಗೊತ್ತಿರುವ ಪರಿಣಾಮಗಳನ್ನು ಮಾತ್ರ ಬಳಸಬಹುದು. ಹಾಗಾಗಿ ಮೊದಲು ಆ ಪರಿಣಾಮ ಇರುವ ಅಗ್ಗದ ಮಂತ್ರವೊಂದನ್ನು ಕೊಂಡುಕೊಳ್ಳಿ. ಅದನ್ನು ಹಾಕೋಕೆ ಬರದಿದ್ದರೂ ಪರವಾಗಿಲ್ಲ, ಅದು ಬೀಜ ಇದ್ದ ಹಾಗೆ.

ಖರ್ಚಿನ ಲೆಕ್ಕ ತಿಳಿದರೆ ಇಡೀ ಗೇಮ್ ತೆರೆದುಕೊಳ್ಳುತ್ತದೆ. ಕನಿಷ್ಠ ಮತ್ತು ಗರಿಷ್ಠ ಬಲ ಕೂಡಿಸಿ. ಅದನ್ನು, ಎಷ್ಟು ಸೆಕೆಂಡ್ ಇರಬೇಕೋ ಅದಕ್ಕೆ ಒಂದು ಸೇರಿಸಿ ಗುಣಿಸಿ. ಆಮೇಲೆ ಆ ಪರಿಣಾಮದ ಮೂಲ ಬೆಲೆಯಿಂದ ಗುಣಿಸಿ 40ರಿಂದ ಭಾಗಿಸಿ. ದೂರಕ್ಕೆ ಎಸೆಯುವ ಮಂತ್ರವಾದರೆ ಒಂದೂವರೆ ಪಟ್ಟು. ಹರಡುವ ಜಾಗಕ್ಕೂ ಸ್ವಲ್ಪ ಸೇರುತ್ತದೆ, ಅದು ಈಗ ಬೇಡ. ಬಲ ಮತ್ತು ಸಮಯ ಒಂದನ್ನೊಂದು ಗುಣಿಸುತ್ತವೆ ಅನ್ನುವುದೇ ಮುಖ್ಯ. ಎರಡರಲ್ಲಿ ಒಂದನ್ನು ಪುಟ್ಟದಾಗಿ ಇಟ್ಟರೆ ಇನ್ನೊಂದನ್ನು ಎಷ್ಟು ಬೇಕಾದರೂ ಎಳೆಯಬಹುದು. ಸ್ಲೋಫಾಲ್‌ಗೆ ಬಲ ಬೇಡ, ಸಮಯ ಬೇಕು. ಎತ್ತರಕ್ಕೆ ನೆಗೆಸುವ ಜಂಪ್ ಮಂತ್ರಕ್ಕೆ ಬಲ ಬೇಕು, ಸಮಯ ಬೇಡ, ನೆಲ ಬಿಡುವ ಆ ಒಂದು ಕ್ಷಣ ಸಾಕು.

30 ಪಾಯಿಂಟ್ ಜಂಪ್, 3 ಸೆಕೆಂಡ್. ಜೊತೆಗೆ ಒಂದು ಪಾಯಿಂಟ್ ಸ್ಲೋಫಾಲ್, 20 ಸೆಕೆಂಡ್. ಎರಡನ್ನೂ ಒಂದೇ ಮಂತ್ರದಲ್ಲಿ ಕಟ್ಟಿಸಿ. ಜಂಪ್‌ಗೆ 18, ಸ್ಲೋಫಾಲ್‌ಗೆ ಸುಮಾರು 3, ಒಟ್ಟು 21. ಮೂನ್‌ಮಾತ್ ಕೋಟೆ ದಾಟಿ ಫೊಯಾಡಾ ಮಮೇಯಾ ಅನ್ನುವ ಉದ್ದನೆಯ ಕಮರಿಗೆ ಇಳಿದಾಗ ಎರಡೂ ಕಡೆ ಕಪ್ಪು ಬಂಡೆ ಗೋಡೆಯ ಹಾಗೆ ನಿಂತಿರುತ್ತದೆ. ದಾರಿ ಹುಡುಕಿ ಮೈಲಿಗಟ್ಟಲೆ ಸುತ್ತುವ ಬದಲು ಮಂತ್ರ ಹಾಕಿ, ಓಡಿ, ನೆಗೆಯಿರಿ. ಹೊರೆ ಕಡಿಮೆ ಇದ್ದರೆ ನಾಲ್ಕೈದು ಆಳೆತ್ತರ ಸಲೀಸು. ಎರಡು ನೆಗೆತಕ್ಕೆ ದಿಬ್ಬದ ತುದಿ, ಮೂರನೆಯದಕ್ಕೆ ಆಚೆ ಕಡೆ. ಹೊರೆ ಜಾಸ್ತಿ ಇದ್ದಷ್ಟೂ ನೆಗೆತ ಕುಗ್ಗುತ್ತದೆ, ಹಾಗಾಗಿ ಸಾಮಾನು ಮಾರಿದ ಮೇಲೆ ಹೋಗಿ.

ಗಾಳಿಯಲ್ಲಿ ಹಾರಿಸುವ ಲೆವಿಟೇಟ್ ಬಗ್ಗೆ ಜಾಸ್ತಿ ಹೇಳಲ್ಲ, ಅದು ಎಲ್ಲರಿಗೂ ಗೊತ್ತು. ಟೆಲ್ವಾನಿ ಮಾಂತ್ರಿಕರ ಅಣಬೆ ಗೋಪುರಗಳಲ್ಲಿ ಮೇಲಕ್ಕೆ ಮೆಟ್ಟಿಲೇ ಇಲ್ಲ, ಹಾರೋಕೆ ಬರುವವರಷ್ಟೇ ಯಜಮಾನನನ್ನು ಕಾಣಬಹುದು. ಟ್ರೈಬ್ಯೂನಲ್ ವಿಸ್ತರಣೆಯ ಮೌರ್ನ್‌ಹೋಲ್ಡ್ ನಗರದಲ್ಲಿ ಮಾತ್ರ ಲೆವಿಟೇಟ್ ನಡೆಯಲ್ಲ. ಅಲ್ಲಿ ಜಂಪೇ ಗತಿ.

ಇಲ್ಯೂಶನ್‌ಗೆ ಬಂದರೆ ಚಾರ್ಮ್, ಎದುರಿನವರಿಗೆ ನಿಮ್ಮ ಮೇಲೆ ಇಷ್ಟ ಹುಟ್ಟಿಸುವ ಮಂತ್ರ. ಇದನ್ನು ಕೈಬಿಟ್ಟವರ ದೂರು ಒಂದೇ, ಖರ್ಚು ಜಾಸ್ತಿ. ಹೌದು, 30 ಪಾಯಿಂಟ್ ಚಾರ್ಮ್ 30 ಸೆಕೆಂಡ್ ಇರಬೇಕು ಅಂದರೆ 230 ದಾಟುತ್ತದೆ. ಅದೇ 30 ಪಾಯಿಂಟ್ 2 ಸೆಕೆಂಡ್‌ಗೆ ಸುಮಾರು 23. ಎರಡು ಸೆಕೆಂಡ್‌ನಲ್ಲಿ ಏನು ಮಾಡೋಕಾಗುತ್ತದೆ ಅಂತ ಕೇಳಬೇಡಿ. ಮಾರೋವಿಂಡ್‌ನಲ್ಲಿ ಮಾತಿನ ಕಿಟಕಿ ತೆರೆದ ಕೂಡಲೇ ಹೊರಗಿನ ಸಮಯ ನಿಂತುಬಿಡುತ್ತದೆ. ವ್ಯಾಪಾರಿಯನ್ನು ಮುಟ್ಟಿ ಮಂತ್ರ ಹಾಕಿ, ತಕ್ಷಣ ಮಾತಾಡಿಸಿ. ನೀವು ಆ ಕಿಟಕಿಯಲ್ಲಿ ಎಷ್ಟು ಹೊತ್ತು ಕೂತು ಚೌಕಾಸಿ ಮಾಡಿದರೂ ಅವನ ಪ್ರೀತಿ ಇಳಿಯಲ್ಲ. ಮಾರುವ ಬೆಲೆ, ಕೊಳ್ಳುವ ಬೆಲೆ, ತರಬೇತಿ ಕೊಡುವವರ ಫೀಸು ಎಲ್ಲವೂ ಆ ಇಷ್ಟದ ಮೇಲೆ ನಿಂತಿದೆ. ಬಾಯಿ ಬಿಡದವರು ಗುಟ್ಟು ಹೇಳುವುದೂ ಇದರಿಂದಲೇ. ನನ್ನ ಅಭಿಪ್ರಾಯದಲ್ಲಿ ಇಡೀ ಗೇಮಿನಲ್ಲಿ ಅತ್ಯಂತ ಕಡೆಗಣಿಸಿದ ಮಂತ್ರ ಇದೇ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಸ್ಯಾಂಕ್ಚುಯರಿ ನಿಮ್ಮ ಮೇಲೆ ಬೀಳುವ ಏಟು ತಪ್ಪುವ ಸಾಧ್ಯತೆ ಹೆಚ್ಚಿಸುತ್ತದೆ, ಪಾಯಿಂಟ್‌ಗೆ ಶೇ 1ರಷ್ಟು. 20 ಪಾಯಿಂಟ್ 20 ಸೆಕೆಂಡ್‌ಗೆ ಖರ್ಚು 21. ಕತ್ತಿ ಹಿಡಿದು ಎದುರಿಗೇ ನಿಲ್ಲುವ ನಿಮಗೆ ಹೇಳಿಮಾಡಿಸಿದ್ದು. ದೂರದ ವಸ್ತು ಮುಟ್ಟಿಸುವ ಟೆಲಿಕಿನೆಸಿಸ್ ಇದ್ದರೆ ಬಲೆ ಇಟ್ಟ ಪೆಟ್ಟಿಗೆಯನ್ನು ದೂರದಿಂದ ತೆರೆಯಿರಿ, ಬಲೆ ಅಲ್ಲೇ ಸಿಡಿಯುತ್ತದೆ, ನಿಮಗೆ ತಾಗಲ್ಲ. ಡಿಟೆಕ್ಟ್ ಎನ್‌ಚಾಂಟ್‌ಮೆಂಟ್ ಹಾಕಿ ಹಳೆಯ ಸಮಾಧಿಗಳಿಗೆ ಹೋಗಿ, ಮಂತ್ರ ತುಂಬಿದ ವಸ್ತು ಇರುವ ಮೂಲೆ ಮ್ಯಾಪಿನಲ್ಲಿ ಕಾಣುತ್ತದೆ. ಮೈ ಮರೆಮಾಡುವ ಕೆಮೀಲಿಯನ್ ಮಂತ್ರವನ್ನು ಶೇ 100ಕ್ಕೆ ಏರಿಸಿ ಆಡುವವರಿದ್ದಾರೆ. ದಯವಿಟ್ಟು ಮೊದಲ ಆಟದಲ್ಲಿ ಬೇಡ, ಯಾರೂ ನಿಮ್ಮನ್ನು ನೋಡದ ಲೋಕದಲ್ಲಿ ಆಡೋಕೆ ಏನೂ ಉಳಿಯಲ್ಲ.

ಸ್ಕಿಲ್‌ಗಳಲ್ಲಿ ಮೊದಲ ಸ್ಥಾನ ಎನ್‌ಚಾಂಟ್‌ಗೆ, ಅಂದರೆ ವಸ್ತುಗಳಿಗೆ ಮಂತ್ರ ತುಂಬುವ, ಅವನ್ನು ಬಳಸುವ ಸ್ಕಿಲ್‌ಗೆ. ನಿಮ್ಮಂಥ ಕತ್ತಿಯವರಿಗೇ ಇದು ಜಾಸ್ತಿ ಉಪಯೋಗ. ಉಂಗುರಕ್ಕೋ ಸರಕ್ಕೋ ತುಂಬಿದ ಮಂತ್ರ ಫೇಲ್ ಆಗುವ ಮಾತೇ ಇಲ್ಲ. ಕೈ ಆಡಿಸುವ ಹೊತ್ತೂ ಬೇಡ. ಮ್ಯಾಜಿಕಾ ಖರ್ಚಿಲ್ಲ, ದಣಿವಿನ ಲೆಕ್ಕ ಇಲ್ಲ. ಚಾರ್ಜ್ ಖಾಲಿಯಾದರೆ ತಾನಾಗಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಸ್ಕಿಲ್ 10 ಇದ್ದಾಗ ವಸ್ತುವಿನ ಪೂರ್ತಿ ಖರ್ಚು ಬೀಳುತ್ತದೆ. ಅಲ್ಲಿಂದ ಮೇಲೆ ಪ್ರತಿ ಪಾಯಿಂಟ್‌ಗೆ ಶೇ 1 ಇಳಿಯುತ್ತದೆ, ಅಂದರೆ ಸ್ಕಿಲ್ 60ಕ್ಕೆ ಖರ್ಚು ಅರ್ಧ. ಸ್ಲೋಫಾಲ್ ಒಂದು ಉಂಗುರದಲ್ಲಿ, ಸ್ಯಾಂಕ್ಚುಯರಿ ಇನ್ನೊಂದರಲ್ಲಿ ಇದ್ದರೆ ಆ ಮಂತ್ರಗಳ ಸ್ಕಿಲ್ ಸೊನ್ನೆ ಇದ್ದರೂ ನಡೆಯುತ್ತದೆ. ಆದರೆ ಸ್ವಂತವಾಗಿ ತುಂಬೋಕೆ ಹೋದರೆ ಶುರುವಿನಲ್ಲಿ ಕೈ ಕೊಡುತ್ತದೆ, ಅದಕ್ಕೆ ಬಳಸುವ ಆತ್ಮದ ಹರಳೂ ಹಾಳು. ಗಿಲ್ಡ್‌ನಲ್ಲಿ ದುಡ್ಡು ಕೊಟ್ಟು ತುಂಬಿಸಿ.

ಆಯುಧ, ಕವಚ ರಿಪೇರಿ ಮಾಡುವ ಆರ್ಮರರ್ ಅನ್ನು ಜನ ಬೇಸರದ ಸ್ಕಿಲ್ ಅನ್ನುತ್ತಾರೆ. ಕತ್ತಿ ಸವೆದಷ್ಟೂ ಅದರ ಏಟು ಕಡಿಮೆಯಾಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಅರ್ಧ ಸವೆದ ದೊಡ್ಡ ಕತ್ತಿಗಿಂತ ಸರಿಯಾಗಿಟ್ಟ ಸಾಧಾರಣ ಕತ್ತಿ ಮೇಲು. ಎರಡು ಸುತ್ತಿಗೆ ಚೀಲದಲ್ಲಿರಲಿ, ಪ್ರತಿ ಹೊಡೆದಾಟ ಆದಮೇಲೆ ನಾಲ್ಕು ಏಟು ಬಡಿಯಿರಿ. ಕವಚ ಇಲ್ಲದ ಮೈಯನ್ನು ಕಾಯುವ ಅನ್‌ಆರ್ಮರ್ಡ್ ಸ್ಕಿಲ್‌ಗೆ ಹೆಸರು ಕೆಟ್ಟದ್ದು ಅದರ ತಪ್ಪಿನಿಂದಲ್ಲ. ಮೂಲ ಗೇಮಿನಲ್ಲಿ ಒಂದು ದೋಷ ಇದೆ. ಮೈಮೇಲೆ ಒಂದೂ ರಕ್ಷಾಕವಚ ಇಲ್ಲದಿದ್ದರೆ ಆ ಸ್ಕಿಲ್ ಲೆಕ್ಕಕ್ಕೇ ಬರಲ್ಲ. ಒಂದು ಶಿರಸ್ತ್ರಾಣವೋ, ಕೈಗವಸೋ ಹಾಕಿಕೊಂಡರೆ ಉಳಿದ ಮೈಗೆಲ್ಲ ಅದು ಕೆಲಸ ಮಾಡೋಕೆ ಶುರು ಮಾಡುತ್ತದೆ.

ಪೋಶನ್ ತಯಾರಿಸುವ ಆಲ್ಕೆಮಿಯಲ್ಲಿ ಎಲ್ಲರೂ ಬುದ್ಧಿ ಏರಿಸುವ ಪೋಶನ್ ಹಿಂದೆ ಬೀಳುತ್ತಾರೆ. ನಿಮಗೆ ಬೇಕಾದ್ದು ಅದಲ್ಲ. ಅಸ್ಕೇಡಿಯನ್ ಐಲ್ಸ್‌ನ ಹೊಲಗಳಲ್ಲಿ ಸಾಲ್ಟ್‌ರೈಸ್ ಬೆಳೆಯುತ್ತದೆ. ಅದನ್ನು ಬ್ರೆಡ್ ಜೊತೆ ಕುಟ್ಟಿ. ಎರಡರ ಮೊದಲ ಗುಣವೂ ಫಟೀಗ್ ತುಂಬಿಸುವುದೇ. ಬಡವರ ಅಡುಗೆಮನೆಯ ಸಾಮಾನು, ಆದರೆ ನಾನು ಶುರುವಿನಲ್ಲಿ ಹೇಳಿದ ಆ ಶೇ 33 ಮತ್ತು ಶೇ 55ರ ನಡುವಿನ ಅಂತರ ಈ ಬಾಟಲಿಯಲ್ಲಿದೆ. ಹೊಡೆದಾಟದ ನಡುವೆ ನಿಂತು ದಣಿವಾರಿಸಿಕೊಳ್ಳೋಕೆ ಆಗಲ್ಲವಲ್ಲ, ಆಗ ಇದನ್ನು ಕುಡಿದು ಮಂತ್ರ ಹಾಕಿ.

ಹೊಸ ಕ್ಯಾರೆಕ್ಟರ್ ಬೇಕಾ ಅಂದಿರಿ. ಬೇಡ. ನಿಮ್ಮ ಕ್ಯಾರೆಕ್ಟರ್‌ನ ಮೇಜರ್, ಮೈನರ್ ಸ್ಕಿಲ್ ಪಟ್ಟಿಯಲ್ಲಿ ಇಲ್ಲದ ಸ್ಕಿಲ್ ಲೆವೆಲ್ ಏರಿಸಲ್ಲ ನಿಜ. ಆದರೆ ಲೆವೆಲ್ ಏರಿದಾಗ ವಿಲ್‌ಪವರ್‌ನಂಥ ಗುಣಗಳಿಗೆ ಸಿಗುವ ಗುಣಕದಲ್ಲಿ ಅವೂ ಲೆಕ್ಕಕ್ಕೆ ಬರುತ್ತವೆ. ಮಿಸ್ಟಿಸಿಸಂ, ಆಲ್ಟರೇಶನ್ ಎರಡೂ ವಿಲ್‌ಪವರ್ ಕೆಳಗಿವೆ. ಇವೆರಡರಲ್ಲಿ ಸೇರಿ ಹತ್ತು ಪಾಯಿಂಟ್ ಏರಿದ್ದರೆ ಮುಂದಿನ ಲೆವೆಲ್‌ಗೆ ವಿಲ್‌ಪವರ್ ಐದು ಏರಿಸಿಕೊಳ್ಳಬಹುದು. ಏರಿಸುವ ದಾರಿಯೂ ಸುಲಭ. ಮಂತ್ರ ಚಿಕ್ಕದೋ ದೊಡ್ಡದೋ, ಹತ್ತಿದರೆ ಸ್ಕಿಲ್‌ಗೆ ಸಿಗುವುದು ಅಷ್ಟೇ. ಒಂದು ಪಾಯಿಂಟ್, ಒಂದು ಸೆಕೆಂಡ್ ಸ್ಲೋಫಾಲ್ ಕಟ್ಟಿಸಿ, ಒಂದು ಮ್ಯಾಜಿಕಾಗೆ ಬರುತ್ತದೆ. ಬಾಲ್ಮೋರಾದಿಂದ ಪೆಲಾಗಿಯಾಡ್‌ಗೆ ಹೋಗುವಾಗ ಓಡಬೇಡಿ, ನಡೆಯಿರಿ. ನಡೆಯುತ್ತಾ ಅದನ್ನು ಹಾಕುತ್ತಾ ಹೋಗಿ. ಕೋಟೆಯ ಗೋಡೆ ಕಾಣುವ ಹೊತ್ತಿಗೆ ಆಲ್ಟರೇಶನ್ ಏರಿರುತ್ತದೆ, ಹಸಿರು ಪಟ್ಟಿಯೂ ತುಂಬಿರುತ್ತದೆ.